ಎಂಬತ್ತೆರಡು ಗ್ರಾಂ

ಅಂಗಡಿಯಲ್ಲಿ ದಿನಾ ಗುಡಿಸುತ್ತೇನೆ ಕೂದಲು,
ಕರಿದು, ಬಿಳಿದು, ಮೆಹಂದಿಯ ಕೆಂಪು,
ಹಡಗಿನ ಹುಡುಗರು ಹಚ್ಚಿಸಿಕೊಂಡ ನೀಲಿ ಕೂಡ.
ಒಂದು ದಿನವೂ ಅದಕ್ಕಾಗಿ ಮರುಗಿದವನಲ್ಲ.
ವಾಡ್ಡೆಂ ಗುಡ್ಡದ ಮೇಲೆ, ನಮ್ಮ ಒಂದೂವರೆ ಕೋಣೆಯಲ್ಲಿ,
ಪಂಜರದಡಿ ಹಾಸಿದ ಪೇಪರಿನ ಮೇಲೆ
ಒಂದು ಹಳದಿ ಗರಿ ಬಿದ್ದದ್ದಕ್ಕೆ
ಚಪ್ಪಲಿ ಬಿಡುವುದನ್ನೇ ಮರೆತು ನಿಂತೆ.

ಮರುದಿನ ಐದು. ಆಮೇಲೆ ಎಣಿಸುವುದು ಬಿಟ್ಟೆ.

ಉಂಡೊ ಎಂದು ಅದರ ಹೆಸರು.
ಪಾಸ್ಕೋಲನ ಬೇಕರಿಯಲ್ಲಿ ನಸುಕಿಗೇ ಬೇಯುವ
ದುಂಡು ಬ್ರೆಡ್ಡಿನ ಹೆಸರು; ಮಗಳು ಇಟ್ಟದ್ದು.
ಎಂಟು ತಿಂಗಳ ಕಾಕಟೀಲ್.
ಮಧ್ಯಾಹ್ನ ಊಟಕ್ಕೆ ಬರುವ ನನ್ನ ಸ್ಕೂಟರಿನ ಸದ್ದಿಗೆ
ಓಣಿಗೆಲ್ಲ ಕೇಳುವಂತೆ ಸಿಳ್ಳೆ ಹಾಕುತ್ತಿದ್ದ ಪೋರ
ಈಗ ಒಂದು ಕಾಲು ಹೊಟ್ಟೆಯೊಳಗೆ ಮಡಚಿ,
ಮೈ ಉಬ್ಬಿಸಿ, ಕೊಕ್ಕನ್ನು ಬೆನ್ನಲ್ಲಿ ಹುಗಿದು
ಹಗಲೆಲ್ಲ ತೂಕಡಿಸುತ್ತದೆ.
ಕರೆದರೆ ಒಂದು ಕಣ್ಣು ತೆರೆಯುತ್ತದೆ, ಅದೂ ಅರ್ಧ,
ಶಟರ್ ಎಳೆಯುವ ಹೊತ್ತಿಗೆ ಬಂದ ಗಿರಾಕಿಯನ್ನು
ನಾನು ನೋಡುವ ಹಾಗೆ.

ಹೆದರಿ, ಶೂ ಡಬ್ಬಿಯಲ್ಲಿಟ್ಟು ಪಾಸ್ಕೋಲನಲ್ಲಿಗೆ ಒಯ್ದೆ.
ಅವನ ಹಿಟ್ಟಿನ ತಕ್ಕಡಿ: ಎಂಬತ್ತೆರಡು ಗ್ರಾಂ.
ನನ್ನ ಟ್ರಿಮ್ಮರಿಗಿಂತ ಹಗುರ.
"ತೂಕ ಇಳಿಯದಿದ್ದರೆ ಚಿಂತೆಯಿಲ್ಲ" ಅಂದಿದ್ದರು
ಫೋನಿನಲ್ಲಿ ಮಡಗಾಂವಿನ ಪ್ರಾಣಿ ಡಾಕ್ಟರು,
"ಮೊದಲ ಸಲ ಗರಿ ಬದಲಿಸುತ್ತಿದೆ, ಮಲಗಲು ಬಿಡಿ."
ನೀಲವ್ವ ಅಂದದ್ದೂ ಅದನ್ನೇ, ಫೀಸಿಲ್ಲದೆ:
"ಮೈಯಾಗ ಹೊಸಾದು ಹುಟ್ಟಾಕ್ಹತ್ತೇತ್ರಿ, ನಿದ್ದಿ ಬಂದಽ ಬರ್ತೈತಿ.
ಗಂಗಿ ಹೊಟ್ಯಾಗಿದ್ದಾಗ ನಾ ಏನ್ ಕುಣ್ಯಾಕ್ಹತ್ತಿದ್ನೇನು?"

ಹಾಗಾಗಿ ಫ್ಯಾನು ಬಂದ್.
ಬಂದರಿನ ಕಲ್ಲಿದ್ದಲ ಪುಡಿ ಬರುವ ಕಿಟಕಿಗೆ ಒದ್ದೆ ಪಂಚೆ.
ಬೇಯಿಸಿದ ಮೊಟ್ಟೆಯ ಹಳದಿ, ಬೆರಳಲ್ಲಿ ಹಿಸುಕಿ,
ನುಗ್ಗೆಸೊಪ್ಪು ಎರಡೆಲೆ.
ಗಿರಾಕಿಗಳ ತಲೆಗೆ ಹೊಡೆಯುವಂಥದೇ ಸ್ಪ್ರೇ ಬಾಟಲಿ
ಹೊಸದೊಂದು ತಂದು, ಬಿಸಿಲು ಹದವಾದಾಗ
ದೂರದಿಂದ ಒಂದಿಷ್ಟು ತುಂತುರು.
ಅದು ರೆಕ್ಕೆ ಬಿಚ್ಚಿ, ಮೈ ಕೊಡವಿ,
ನನ್ನನ್ನು ಬೈದು, ಮತ್ತೆ ಮಲಗಿತು.

ಹೊಸ ಗರಿ ಮೊದಲು ಮುಳ್ಳಾಗಿ ಬರುತ್ತದೆ,
ಒಂದೊಂದಕ್ಕೂ ಮೇಣದಂಥ ಬಿಳಿ ಒರೆ.
ಬೆನ್ನಿನದು, ಎದೆಯದು ತಾನೇ ಕೊಕ್ಕಿನಿಂದ ಬಿಡಿಸಿಕೊಳ್ಳುತ್ತದೆ.
ತನ್ನ ತಲೆ ಮಾತ್ರ ತನ್ನ ಕೊಕ್ಕಿಗೆ ಎಟಕದು.
(ನನ್ನ ತಲೆ ನಾನು ಕತ್ತರಿಸಿಕೊಂಡದ್ದುಂಟೆ?
ಅದಕ್ಕೆ ತಮ್ಮ ಬಸಣ್ಣನೇ ಬರಬೇಕು.)
ಜೋಡಿಯಿದ್ದರೆ ಜೋಡಿ ಮಾಡುತ್ತಿತ್ತು.
ಇಲ್ಲಿರುವುದು
ಇಪ್ಪತ್ತಾರು ವರ್ಷ ಮಂದಿಯ ತಲೆ ಹಿಡಿದ ನಾನು.

ರಾತ್ರಿ ಹತ್ತಕ್ಕೆ ಕತ್ತು ಬಗ್ಗಿಸಿ ಕೂರುತ್ತದೆ.
ಅಪ್ಪ ನನಗೆ ಕತ್ತಿ ಕಲಿಸಿದ್ದು ಊದಿದ ಬಲೂನಿನ ಮೇಲೆ,
ಸೋಪಿನ ನೊರೆ ಹಚ್ಚಿ, ಒಡೆಯದಂತೆ ಬೋಳಿಸು ಎಂದು.
ಹದಿನೇಳು ಒಡೆದೆ. ಹದಿನೇಳು ಏಟು.
ಆ ಬಲೂನಿಗಿಂತ ತೆಳು ಈ ನೆತ್ತಿ.
ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಮುಳ್ಳು
ಉಗುರ ತುದಿಯಲ್ಲಿ ಹೊರಳಿಸಿದರೆ
ಒರೆ ಹಿಟ್ಟಾಗಿ ಉದುರಿ ಒಳಗಿನ ಹಳದಿ ಬಿಚ್ಚಿಕೊಳ್ಳುತ್ತದೆ.
ಮಾಗಿದ್ದನ್ನು ಮಾತ್ರ.
ಬುಡದಲ್ಲಿ ಇನ್ನೂ ರಕ್ತವಿರುವ ನೀಲಿ ಮುಳ್ಳು
ಮುಟ್ಟಬಾರದು; ಒಮ್ಮೆ ಮುಟ್ಟಿದೆ.
ಕಿರುಚಿ ಬೆರಳು ಕಚ್ಚಿತು. ಸರಿಯಾಗಿಯೇ ಕಚ್ಚಿತು.
ತಪ್ಪಾಯಿತಪ್ಪಾ ಎಂದೆ;
ಆ ಮಾತು ಅಪ್ಪನ ಬಾಯಲ್ಲಿ ಕೇಳಿದ ನೆನಪಿಲ್ಲ.

ಇವತ್ತು ಅಂಗಡಿಯಲ್ಲಿ,
ಬಂದರಿನ ರಾತ್ರಿಪಾಳಿ ಮುಗಿಸಿ ಬಂದ ಇಪ್ಪತ್ತರ ಹುಡುಗ
ಕತ್ತರಿಯ ಸದ್ದಿಗೇ ನಿದ್ದೆ ಹೋದ.
ಹಿಂದೆಲ್ಲ ಗದ್ದ ಹಿಡಿದು ನೆಟ್ಟಗೆ ಕೂರಿಸುತ್ತಿದ್ದೆ.
ಎಡಗಡೆ ಆಗಿದೆ, ಬಲಗಡೆ ಬಾಕಿ.
ಬಾಗಿದ ಕತ್ತಿನ ಹಿಂದೆ ಕಲ್ಲಿದ್ದಲ ಕಪ್ಪು.
ಬೆಂಚಿನ ಮೇಲೆ ಇನ್ನಿಬ್ಬರು.
ಕತ್ತರಿ ಕೆಳಗಿಟ್ಟು, ಗೊತ್ತಿಲ್ಲದೆಯೇ ಹೋಗಿ
ಗೋಡೆಯ ಸ್ವಿಚ್ಚು ಒತ್ತಿದೆ.

"ಏನಪ್ಪಾ, ಈ ಸೆಕೆಯಲ್ಲಿ ಫ್ಯಾನು ಯಾಕೆ ಬಂದ್ ಮಾಡಿದೆ?"
ಎಂದು ಕೇಳಿದ ಒಬ್ಬ.
ಮೆಲ್ಲಗೆ, ಎಂದೆ.